ನಾಲ್ಕು ನಿಮಿಷ ಮುಂಚೆ ಬರುತ್ತಿದ್ದ ಸದ್ದು

ಕಳೆದ ಮೇ ರಜೆಯಲ್ಲಿ ನಾನು ಮತ್ತು ನನ್ನ ರೂಮ್‌ಮೇಟ್ ಸೇರಿ ಆಕಾಶಗಂಗೆಯನ್ನು ಹಿಡಿದುಬಿಟ್ಟೆವು ಅಂತ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹತ್ತು ದಿನ ಆದಮೇಲೆ ಅದು ಆಕಾಶಗಂಗೆ ಅಲ್ಲ, ನಮ್ಮ ತೋಟದ ಮನೆಯ ನೀರಿನ ಪೈಪು ಅಂತ ಒಪ್ಪಿಕೊಂಡದ್ದಂತೂ ಎಲ್ಲರಿಗೂ ನೆನಪಿದೆ. ಇವತ್ತಿಗೂ ಕ್ಯಾಂಟೀನಿನಲ್ಲಿ ನನ್ನನ್ನು ಪೈಪು ಅಂತ ಕರೆಯೋರಿದ್ದಾರೆ. ಪರವಾಗಿಲ್ಲ.

ಆ ನಾಚಿಕೆಯ ದಿನಗಳಲ್ಲಿ ನಾನು ಕೂತು ಓದಿದ್ದು ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರ್ ಬಗ್ಗೆ. ಅವರಿಗೆ ಆದದ್ದು ನಮಗೆ ಆದದ್ದಕ್ಕೆ ಪೂರ್ತಿ ಉಲ್ಟಾ. ನಾವು ಪೈಪನ್ನು ಆಕಾಶಗಂಗೆ ಅಂದುಕೊಂಡೆವು. ಅವರು ಫೋನ್ ಕಂಪನಿಗೆ ಕಾಟ ಕೊಡುವ ಸದ್ದು ಯಾವುದು ಅಂತ ಹುಡುಕಲು ಹೋದರು, ಸಿಕ್ಕಿದ್ದು ಆಕಾಶಗಂಗೆ. ಆದರೆ ಅವರ ಸದ್ದನ್ನೂ ನಮ್ಮ ಸದ್ದನ್ನೂ ಬಯಲಿಗೆ ತಂದ ಪರೀಕ್ಷೆ ಒಂದೇ. ಅದಕ್ಕೇ ಈ ಲೇಖನ.

ಜಾನ್ಸ್ಕಿ ಹುಟ್ಟಿದ್ದು 1905ರ ಅಕ್ಟೋಬರ್ 22ರಂದು, ಅಮೆರಿಕದ ಒಕ್ಲಹೋಮಾದ ನಾರ್ಮನ್ ಊರಿನಲ್ಲಿ. ತಂದೆ ಸಿರಿಲ್ ಜಾನ್ಸ್ಕಿ ಎಂಜಿನಿಯರಿಂಗ್ ಮೇಷ್ಟ್ರು. ತಮಗೆ ಭೌತಶಾಸ್ತ್ರ ಕಲಿಸಿದ ಕಾರ್ಲ್ ಗೂಥೆ ಎಂಬ ಪ್ರೊಫೆಸರ್ ಮೇಲಿನ ಗೌರವಕ್ಕೆ ಮಗನಿಗೆ ಕಾರ್ಲ್ ಗೂಥೆ ಜಾನ್ಸ್ಕಿ ಅಂತ ಹೆಸರಿಟ್ಟರು. ಗುರುವಿನ ಹೆಸರನ್ನು ಮಗನಿಗೆ ಇಡೋದು ನಮ್ಮ ಕಡೆ ಹೊಸದಲ್ಲ. ಕೊಟ್ಟೂರು, ಕೂಡ್ಲಿಗಿ ಸುತ್ತ ಒಂದೊಂದು ಓಣಿಗೂ ಒಬ್ಬ ಕೊಟ್ರೇಶ ಇರುತ್ತಾನೆ. ಮುಂದೆ ಸಂಸಾರ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿಗೆ ಬಂತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜಾನ್ಸ್ಕಿ 1927ರಲ್ಲಿ ಭೌತಶಾಸ್ತ್ರದ ಪದವಿ ಪಡೆದರು. ಓದಿನಲ್ಲಿ ಮುಂದು, ಆಟದಲ್ಲೂ ಮುಂದು. ಕಾಲೇಜಿನ ಐಸ್ ಹಾಕಿ ತಂಡದಲ್ಲಿ ಆಡುತ್ತಿದ್ದರು.

ಇದೇ ಹೊತ್ತಿಗೆ ಅವರಿಗೆ ಕಿಡ್ನಿಯ ಕಾಯಿಲೆ ಇರುವುದು ಗೊತ್ತಾಯಿತು. ಆ ಕಾಲಕ್ಕೆ ಡಯಾಲಿಸಿಸ್ ಇಲ್ಲ, ಕಿಡ್ನಿ ಬದಲಾಯಿಸುವುದೂ ಇಲ್ಲ. ವಯಸ್ಸು ಇಪ್ಪತ್ತೆರಡರ ಆಸುಪಾಸು. ನಮಗಿಂತ ಮೂರು ವರ್ಷ ದೊಡ್ಡವರು ಅಷ್ಟೇ.

ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಈ ಕಾಯಿಲೆಯೇ ಅಡ್ಡ ಬಂತು. ಕಂಪನಿ ಹಿಂದೆಮುಂದೆ ನೋಡಿತು. ಜಾನ್ಸ್ಕಿಯ ಅಣ್ಣ ಆಗಲೇ ಹೆಸರು ಮಾಡಿದ್ದ ರೇಡಿಯೊ ಎಂಜಿನಿಯರ್, ಕಂಪನಿಯಲ್ಲಿ ಅವರಿಗೆ ಪರಿಚಯದವರಿದ್ದರು. ಅವರು ತಮ್ಮನ ಪರವಾಗಿ ಮಾತಾಡಿದ ಮೇಲೆ 1928ರಲ್ಲಿ ಕೆಲಸ ಸಿಕ್ಕಿತು. ಪಟ್ಟಣದ ಗಡಿಬಿಡಿ ಬೇಡ ಅಂತ ಅವರನ್ನು ನ್ಯೂಜೆರ್ಸಿಯ ಹಳ್ಳಿಗಾಡಿನ ಪ್ರಯೋಗ ಕೇಂದ್ರಕ್ಕೆ ಹಾಕಿದರು. ಮೊದಲು ಕ್ಲಿಫ್‌ವುಡ್, ಆಮೇಲೆ ಹೋಮ್‌ಡೆಲ್. 1929ರಲ್ಲಿ ಆಲಿಸ್ ಅವರ ಜೊತೆ ಮದುವೆಯಾಯಿತು.

ಅವರಿಗೆ ಕೊಟ್ಟ ಕೆಲಸ ಕೇಳೋಕೆ ಸಪ್ಪೆ. ಅಟ್ಲಾಂಟಿಕ್ ಸಾಗರದ ಆಚೆಗೆ ರೇಡಿಯೊ ಮೂಲಕ ಫೋನ್ ಮಾಡುವ ಸೌಲಭ್ಯ 1927ರಲ್ಲಿ ಶುರುವಾಗಿತ್ತು. ನ್ಯೂಯಾರ್ಕಿನಿಂದ ಲಂಡನ್ನಿಗೆ ಮೊದಲ ಮೂರು ನಿಮಿಷಕ್ಕೆ 75 ಡಾಲರ್. ಅಷ್ಟು ದುಡ್ಡು ಕೊಟ್ಟವರಿಗೆ ಕಿವಿಗೆ ಬರೀ ಚಟಪಟ, ಸರ್ರ್ ಅಂತ ಕೇಳಿಸಿದರೆ ಸುಮ್ಮನಿರುತ್ತಾರಾ? ಶಾರ್ಟ್‌ವೇವ್‌ನಲ್ಲಿ ಈ ತೊಂದರೆ ಯಾವ ದಿಕ್ಕಿನಿಂದ, ಯಾವ ಹೊತ್ತಿನಲ್ಲಿ, ಎಷ್ಟು ಬರುತ್ತದೆ ಅಂತ ಅಳೆದು ಕೊಡಬೇಕು. ನಕ್ಷತ್ರಕ್ಕೂ ಈ ಕೆಲಸಕ್ಕೂ ಏನೂ ಸಂಬಂಧ ಇರಲಿಲ್ಲ. ಹೇಳಿದವರು ಮೇಲಿನ ಅಧಿಕಾರಿ ಹೆರಾಲ್ಡ್ ಫ್ರೀಸ್, ಡೆನ್ಮಾರ್ಕಿನಿಂದ ಬಂದಿದ್ದ ಎಂಜಿನಿಯರ್.

ಜಾನ್ಸ್ಕಿ ಕಟ್ಟಿದ ಆಂಟೆನಾ ನೋಡಿದರೆ ನಗು ಬರುತ್ತದೆ. ಸುಮಾರು 30 ಮೀಟರ್ ಉದ್ದದ ಮರದ ಚೌಕಟ್ಟು, ಅದರ ಮೇಲೆ ಹಿತ್ತಾಳೆಯ ಕೊಳವೆಗಳು. ಅಡಿಯಲ್ಲಿ ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ನಾಲ್ಕು ಚಕ್ರ. ಮೋಟಾರು ಮತ್ತು ಚೈನು ಹಾಕಿ ಇಡೀ ಚೌಕಟ್ಟನ್ನು ಗುಂಡಗೆ ತಿರುಗಿಸೋದು. 20 ನಿಮಿಷಕ್ಕೆ ಒಂದು ಸುತ್ತು. ಕೊಟ್ಟೂರೇಶ್ವರ ಜಾತ್ರೆಯಲ್ಲಿ ಮಕ್ಕಳನ್ನು ಮರದ ಕುದುರೆ ಮೇಲೆ ಕೂರಿಸಿ ತಿರುಗಿಸುತ್ತಾರಲ್ಲ, ಜೊತೆಯವರು ಅದೇ ಹೆಸರಿಟ್ಟು ತಮಾಷೆ ಮಾಡುತ್ತಿದ್ದರು. ಕೇಳುತ್ತಿದ್ದ ತರಂಗದ ಉದ್ದ 14.6 ಮೀಟರ್, ಅಂದರೆ 20.5 ಮೆಗಾಹರ್ಟ್ಸ್. ಹತ್ತಿರದ ಶೆಡ್ಡಿನಲ್ಲಿ ರಿಸೀವರ್, ಅದಕ್ಕೆ ಒಂದು ಪೆನ್ನು. ಕಾಗದದ ಸುರುಳಿ ಸರಿಯುತ್ತಾ ಹೋದಂತೆ ಪೆನ್ನು ಸದ್ದಿನ ಏರಿಳಿತ ಬರೆಯುತ್ತಿತ್ತು.

ಇಲ್ಲಿ ಒಂದು ನಿಮಿಷ ನಿಂತು ನಮ್ಮ ಸಬ್ಜೆಕ್ಟಿನ ಕಣ್ಣಿನಿಂದ ನೋಡಿ. ತುಂಬಾ ಸಣ್ಣ ಸಿಗ್ನಲ್ ಕೇಳಬೇಕಾದ ರಿಸೀವರ್‌ಗೆ ಎಷ್ಟು ಶತ್ರುಗಳು! ಮೊದಲನೇದು ರಿಸೀವರ್‌ನ ಒಳಗಿನದೇ ನಾಯ್ಸ್. ಎರಡನೇದು ಸುತ್ತಲಿನ ಮೋಟಾರು, ವಾಹನಗಳ ಕಿಡಿ. ಮೂರನೇದು ಅಲುಗಾಟ. ಹಳೆಯ ವಾಲ್ವ್ ರೇಡಿಯೊದ ವಾಲ್ವಿಗೆ ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಟಿಂಗ್ ಅನ್ನುತ್ತದೆ. ಒಳಗಿನ ತಂತಿಗಳ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಕರೆಂಟು ಬದಲಾಗುತ್ತದೆ. ಸಡಿಲ ಬೆಸುಗೆ, ಸಡಿಲ ಕೇಬಲ್ಲು ಕೂಡ ಹೀಗೇ. ಅಂದರೆ ಯಂತ್ರ ಅಲುಗಿದ್ದನ್ನೇ ಯಂತ್ರ ಸಿಗ್ನಲ್ ಅಂತ ತೋರಿಸುತ್ತದೆ. ಇದಕ್ಕೆ ಮೈಕ್ರೊಫೋನಿಕ್ಸ್ ಅಂತ ಹೆಸರು. ಇವತ್ತಿನ ರೇಡಿಯೊ ದೂರದರ್ಶಕಗಳಲ್ಲೂ ಈ ಕಾಟ ತಪ್ಪಿಲ್ಲ. ಡಿಟೆಕ್ಟರನ್ನು ತಣ್ಣಗಿಡುವ ಹೀಲಿಯಂ ಕೂಲರ್ ತಾನೇ ಧಡ್ ಧಡ್ ಅಂತ ಬಡಿದುಕೊಂಡು ಡಿಟೆಕ್ಟರನ್ನು ಅಲುಗಿಸುತ್ತದೆ.

ಹಾಗಾದರೆ ಚೈನು, ಮೋಟಾರು, ಕಾರಿನ ಚಕ್ರ ಎಲ್ಲಾ ಇರುವ ಯಂತ್ರದಲ್ಲಿ ಬಂದ ಸದ್ದು ಯಂತ್ರದ್ದಲ್ಲ ಅಂತ ಹೇಗೆ ನಂಬೋದು? ಉತ್ತರ ಕಾಗದದ ಸುರುಳಿಯಲ್ಲೇ ಇತ್ತು. ಯಂತ್ರದ ಅಲುಗಾಟ ಆಗಿದ್ದರೆ ಚೌಕಟ್ಟು ಸುತ್ತುವಾಗ ಪ್ರತಿ ಸಲ ಅದೇ ಜಾಗಕ್ಕೆ ಬಂದಾಗ ಸದ್ದು ಏರಬೇಕು. ದಾರಿಯಲ್ಲಿ ಒಂದು ಗುಂಡಿ ಇದ್ದರೆ ಬಸ್ಸು ಪ್ರತಿ ಟ್ರಿಪ್ಪಿನಲ್ಲೂ ಅಲ್ಲೇ ಕುಣಿಯುತ್ತದಲ್ಲ, ಹಾಗೆ. ಜಾನ್ಸ್ಕಿಯ ಸುರುಳಿಯಲ್ಲಿ ಸದ್ದಿನ ಏರು ಸುತ್ತಿನಿಂದ ಸುತ್ತಿಗೆ ನಿಧಾನವಾಗಿ ಜಾಗ ಬದಲಿಸುತ್ತಿತ್ತು. ಪೂರ್ವದ ಕಡೆ ಶುರುವಾಗಿ, ದಕ್ಷಿಣಕ್ಕೆ ಬಂದು, ಪಶ್ಚಿಮಕ್ಕೆ ಸರಿಯುತ್ತಿತ್ತು. ಗುಂಡಿ ನಡೆಯುವುದಿಲ್ಲ. ಇದು ನಡೆಯುತ್ತಿತ್ತು.

1931ರ ಬೇಸಿಗೆಯ ಕೊನೆಯಿಂದ ಅವರು ಬಿಡದೆ ದಾಖಲೆ ಮಾಡಿದರು. ಸದ್ದು ಮೂರು ಥರ ಅಂತ ಕಂಡುಬಂತು. ಹತ್ತಿರದ ಗುಡುಗು ಮಿಂಚಿನದು ಒಂದು, ದೂರದ ಗುಡುಗು ಮಿಂಚಿನದು ಇನ್ನೊಂದು. ಮೂರನೇದು ಯಾವಾಗಲೂ ಇರುವ ಸಣ್ಣ ಸರ್ರ್ ಸದ್ದು. ಕುಕ್ಕರಿನ ಮುಚ್ಚಳದಿಂದ ಹಬೆ ಸೋರಿದ ಹಾಗೆ. ಮೊದಲ ಎರಡನ್ನು ವಿವರಿಸಿ ಮೂರನೆಯದನ್ನು ರಿಸೀವರ್ ನಾಯ್ಸ್ ಅಂತ ಬರೆದು ರಿಪೋರ್ಟ್ ಮುಗಿಸಿದ್ದರೆ ಕಂಪನಿಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ನಾವು ಲ್ಯಾಬ್ ರೆಕಾರ್ಡಿನಲ್ಲಿ ಎಷ್ಟು ಸಲ ಹಾಗೆ ಮಾಡಿದ್ದೇವೆ ಅಂತ ಎದೆ ಮುಟ್ಟಿಕೊಂಡು ಹೇಳಿ. ಜಾನ್ಸ್ಕಿ ಮಾತ್ರ ಆ ಮೂರನೇ ಸದ್ದನ್ನು ಬಿಡಲಿಲ್ಲ.

ಮೊದಲ ಅನುಮಾನ ಸೂರ್ಯನ ಮೇಲೆ ಹೋಯಿತು. 1931ರ ಕೊನೆ, 1932ರ ಶುರುವಿನಲ್ಲಿ ಸದ್ದು ಬರುವ ದಿಕ್ಕು ಹೆಚ್ಚುಕಡಿಮೆ ಸೂರ್ಯನ ದಿಕ್ಕೇ ಆಗಿತ್ತು. ಅದೂ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ, ಇದೂ ಹೋಗುತ್ತದೆ. ಕೇಸು ಮುಗಿಯಿತು ಅನ್ನಬಹುದಿತ್ತು. ಆದರೆ ವಾರ ಕಳೆದಂತೆ ಸದ್ದು ಸೂರ್ಯನನ್ನು ಬಿಟ್ಟು ಮುಂದೆ ಹೋಗತೊಡಗಿತು. 1932ರ ಆಗಸ್ಟ್ 31ರಂದು ಅಲ್ಲಿ ಪಾರ್ಶ್ವ ಸೂರ್ಯಗ್ರಹಣ ಆಯಿತು. ಅವತ್ತೂ ಸದ್ದಿನಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಸೂರ್ಯ ಅಲ್ಲ.

ಹಾಗಾದರೆ ಎಷ್ಟು ಮುಂದೆ ಹೋಗುತ್ತಿದೆ? ದಿನಕ್ಕೆ ಸುಮಾರು ನಾಲ್ಕು ನಿಮಿಷ. ಇವತ್ತು ರಾತ್ರಿ ಹನ್ನೊಂದಕ್ಕೆ ಏರಿದ ಸದ್ದು ನಾಳೆ 10:56ಕ್ಕೆ, ನಾಡಿದ್ದು 10:52ಕ್ಕೆ. ತಿಂಗಳಿಗೆ ಎರಡು ಗಂಟೆ. ವರ್ಷಕ್ಕೆ ಪೂರ್ತಿ ಒಂದು ಸುತ್ತು. ಆಕಾಶದ ವಿಷಯ ತಿಳಿದಿದ್ದ ಸಹೋದ್ಯೋಗಿ ಮೆಲ್ವಿನ್ ಸ್ಕೆಲೆಟ್ ಜೊತೆ ಕೂತು ನೋಡಿದಾಗ ಈ ನಾಲ್ಕು ನಿಮಿಷದ ಅರ್ಥ ಆಯಿತು. ಭೂಮಿ ತನ್ನ ಸುತ್ತ ತಿರುಗುವುದರ ಜೊತೆಗೆ ಸೂರ್ಯನ ಸುತ್ತಲೂ ದಿನಕ್ಕೆ ಸುಮಾರು ಒಂದು ಡಿಗ್ರಿ ಮುಂದೆ ಹೋಗುತ್ತದೆ. ಅದಕ್ಕೇ ಸೂರ್ಯ ಮತ್ತೆ ನೆತ್ತಿಗೆ ಬರಲು 24 ಗಂಟೆ ಬೇಕು, ನಕ್ಷತ್ರಕ್ಕೆ 23 ಗಂಟೆ 56 ನಿಮಿಷ ಸಾಕು. ಊರಿನ ಯಾವ ಮೋಟಾರೂ, ಯಾವ ಫ್ಯಾಕ್ಟರಿಯೂ 23 ಗಂಟೆ 56 ನಿಮಿಷದ ಗಡಿಯಾರ ಇಟ್ಟುಕೊಂಡು ಕೆಲಸ ಮಾಡುವುದಿಲ್ಲ. ಸೂರ್ಯನೂ ಮಾಡುವುದಿಲ್ಲ. ಆ ಸದ್ದು ನಕ್ಷತ್ರಗಳ ಜೊತೆ ಅಂಟಿಕೊಂಡಿತ್ತು. ಬರುತ್ತಿದ್ದದ್ದು ಧನು ರಾಶಿಯ ಕಡೆಯಿಂದ. ಅಲ್ಲೇ ನಮ್ಮ ಆಕಾಶಗಂಗೆಯ ಕೇಂದ್ರ ಇರೋದು.

ಈಗ ನಮ್ಮ ಪೈಪಿನ ಕಥೆ. ಕೊಟ್ಟೂರಿನ ಹತ್ತಿರ ನಮ್ಮ ತೋಟದ ಮನೆ. ರಟ್ಟು ಮತ್ತು ಅಲ್ಯೂಮಿನಿಯಂ ಹಾಳೆಯಿಂದ ಕೊಳಗದ ಬಾಯಿಯಂಥ ಆಂಟೆನಾ ಮಾಡಿ, ತಾರಸಿ ಮೇಲೆ ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿ, ಆಂಪ್ಲಿಫೈಯರ್ ಮತ್ತು ಒಂದು ಯುಎಸ್‌ಬಿ ರಿಸೀವರ್ ಹಾಕಿ ಆಗ್ನೇಯಕ್ಕೆ ತಿರುಗಿಸಿಟ್ಟಿದ್ದೆವು. ಹೈಡ್ರೋಜನ್ ಅನಿಲದ 1420 ಮೆಗಾಹರ್ಟ್ಸ್ ಸಿಗ್ನಲ್ ಹಿಡಿಯುವ ಆಸೆ. ಮೇ ತಿಂಗಳಲ್ಲಿ ಧನು ರಾಶಿ ರಾತ್ರಿ ಹತ್ತರ ಸುಮಾರಿಗೆ ಆಗ್ನೇಯದಲ್ಲಿ ಏಳುತ್ತದೆ. ನಮ್ಮ ಗ್ರಾಫು ಸರಿಯಾಗಿ ಹನ್ನೊಂದಕ್ಕೆ ಜಿಗಿಯಿತು. ಮರುದಿನವೂ ಹನ್ನೊಂದಕ್ಕೆ. ಮೂರನೇ ದಿನವೂ. ಅವತ್ತೇ ಗ್ರೂಪಿನಲ್ಲಿ ಹಾಕಿದ್ದು.

ಏಳನೇ ದಿನವೂ ಹನ್ನೊಂದಕ್ಕೇ ಬಂದಾಗ ನನ್ನ ರೂಮ್‌ಮೇಟ್ ಮುಖ ಸಣ್ಣದಾಯಿತು. ನಕ್ಷತ್ರವಾಗಿದ್ದರೆ ಅಷ್ಟೊತ್ತಿಗೆ 24 ನಿಮಿಷ ಮುಂಚೆ ಬರಬೇಕಿತ್ತು. ಮರುವಾರ ಸದ್ದು ಇದ್ದಕ್ಕಿದ್ದಂತೆ ಮಧ್ಯಾಹ್ನ ಎರಡಕ್ಕೆ ಬರತೊಡಗಿತು. ನಮ್ಮ ಕಡೆ ತೋಟಕ್ಕೆ ತ್ರೀಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ, ಒಂದು ವಾರ ರಾತ್ರಿ, ಒಂದು ವಾರ ಹಗಲು. ಪಾಳಿ ಬದಲಾಗಿತ್ತು, ನಮ್ಮ ಆಕಾಶಗಂಗೆಯೂ ಬದಲಾಗಿತ್ತು. ಬೋರ್‌ವೆಲ್ ಮೋಟಾರು!

ಆದರೂ ಮೋಟಾರು ಅಂದಮಾತ್ರಕ್ಕೆ ರೋಗ ಪತ್ತೆಯಾದಂತೆ ಅಲ್ಲ. ಕರೆಂಟಿನ ಮೂಲಕ ಬರುತ್ತಿದೆಯಾ, ಗಾಳಿಯಲ್ಲಿ ರೇಡಿಯೊ ಕಿಡಿಯಾಗಿ ಬರುತ್ತಿದೆಯಾ, ಅಲುಗಾಟವಾಗಿ ಬರುತ್ತಿದೆಯಾ? ಆಂಟೆನಾ ಬಿಚ್ಚಿ ಅದರ ಜಾಗಕ್ಕೆ 50 ಓಮ್ ಟರ್ಮಿನೇಟರ್ ಹಾಕಿದೆವು. ಆಗಲೂ ಸದ್ದು ಇತ್ತು. ಅಂದರೆ ಆಂಟೆನಾದ ಬಾಯಿಯಿಂದ ಬರುತ್ತಿಲ್ಲ. ಸ್ಟ್ಯಾಂಡಿನ ಒಂದು ಕಾಲು ಟ್ಯಾಂಕಿಗೆ ಏರುವ ಪೈಪಿಗೆ ಒರಗಿತ್ತು. ಮೋಟಾರು ಓಡುತ್ತಿರುವಾಗಲೇ ಸ್ಟ್ಯಾಂಡನ್ನು ಒಂದಡಿ ಈಚೆ ಎಳೆದೆವು. ಸದ್ದು ನಿಂತಿತು. ಮತ್ತೆ ಒರಗಿಸಿದೆವು, ಬಂತು. ಮೋಟಾರು ಓಡುತ್ತಲೇ ಇದೆ, ಕರೆಂಟು ಅದೇ, ಕಿಡಿ ಅದೇ. ಬದಲಾದದ್ದು ಅಲುಗಾಟ ಮಾತ್ರ. ಮೋಟಾರು ನಿಂತಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಜಾಗಕ್ಕೆ ಮೆಲ್ಲಗೆ ತಟ್ಟುತ್ತಾ ಹೋದೆವು. ಕೇಬಲ್ಲಿಗೆ ತಟ್ಟಿದರೆ ಏನಿಲ್ಲ, ರಿಸೀವರ್‌ಗೆ ತಟ್ಟಿದರೆ ಏನಿಲ್ಲ, ಆಂಪ್ಲಿಫೈಯರಿನ ಕನೆಕ್ಟರಿಗೆ ತಟ್ಟಿದ ತಕ್ಷಣ ಗ್ರಾಫು ಕುಣಿಯಿತು. ಬಿಚ್ಚಿ ನೋಡಿದರೆ ಬೆಸುಗೆಯಲ್ಲಿ ಸಣ್ಣ ಬಿರುಕು. ಆ ಬೆಸುಗೆ ಹಾಕಿದವನು ನಾನೇ. ಮತ್ತೆ ಬೆಸೆದು, ಅಡಿಗೆ ಸ್ಪಂಜು ಇಟ್ಟು, ಕೇಬಲ್ಲನ್ನು ಬಿಗಿಯಾಗಿ ಕಟ್ಟಿದೆವು. ಸದ್ದು ಹೋಯಿತು. ಆಕಾಶಗಂಗೆ ಇನ್ನೂ ಸಿಕ್ಕಿಲ್ಲ. ದಸರಾ ರಜೆಯಲ್ಲಿ ಮತ್ತೆ ಕೂರುತ್ತೇವೆ.

ಜಾನ್ಸ್ಕಿ ಮಾತ್ರ ನಮ್ಮ ಹಾಗೆ ಮೂರು ದಿನಕ್ಕೇ ಡಂಗುರ ಸಾರಲಿಲ್ಲ. 1932ರ ಡಿಸೆಂಬರಿನಲ್ಲಿ ಬಂದ ಮೊದಲ ಲೇಖನದಲ್ಲಿ ಮೂರನೇ ಸದ್ದಿನ ಮೂಲ ಗೊತ್ತಿಲ್ಲ ಅಂತಲೇ ಬರೆದರು. ವರ್ಷದ ಪೂರ್ತಿ ಸುತ್ತು ಕೈಗೆ ಬಂದಮೇಲೆ, 1933ರ ಏಪ್ರಿಲ್ ಕೊನೆಯಲ್ಲಿ ವಾಷಿಂಗ್ಟನ್ನಿನ ಸಭೆಯಲ್ಲಿ ಇದು ಭೂಮಿಯದ್ದೂ ಅಲ್ಲ, ಸೂರ್ಯನದ್ದೂ ಅಲ್ಲ ಅಂತ ತಿಳಿಸಿದರು. ಸಭೆಯಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ. ಆದರೆ ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲಿ ಸುದ್ದಿ ಹಾಕಿತು. ಅದೇ ತಿಂಗಳು ಒಂದು ರೇಡಿಯೊ ಜಾಲ ಆ ಸರ್ರ್ ಸದ್ದನ್ನೇ ನೇರವಾಗಿ ಜನರಿಗೆ ಕೇಳಿಸಿತು. 1935ರ ಲೇಖನದಲ್ಲಿ ಅವರು ಇನ್ನೂ ಮುಂದೆ ಹೋಗಿ, ಸದ್ದು ಆಕಾಶಗಂಗೆಯ ಪಟ್ಟಿಯ ಉದ್ದಕ್ಕೂ ಇದೆ, ಕೇಂದ್ರದ ಕಡೆ ಜೋರಾಗಿದೆ ಅಂತ ತೋರಿಸಿದರು.

ಇಷ್ಟಾದಮೇಲೆ ದೊಡ್ಡ ದೂರದರ್ಶಕ ಸಿಕ್ಕಿತು, ಬಹುಮಾನ ಬಂತು ಅಂತ ಬರೆಯಬೇಕು ಅನ್ನಿಸುತ್ತದೆ. ಹಾಗಾಗಲಿಲ್ಲ. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ ಅದು. ಫೋನ್ ಕಂಪನಿಗೆ ಉತ್ತರ ಸಿಕ್ಕಿತ್ತು: ಈ ಸದ್ದನ್ನು ನಿಲ್ಲಿಸಲು ಆಗುವುದಿಲ್ಲ, ಅದರ ಜೊತೆಗೇ ಬದುಕಬೇಕು. ಜಾನ್ಸ್ಕಿಗೆ ಬೇರೆ ಕೆಲಸ ಕೊಟ್ಟರು. ಮೇಲಿನವರು ಅವರನ್ನು ತಡೆದರು ಅಂತ ಕೆಲವರು, ತಡೆಯಲಿಲ್ಲ ಅಂತ ಫ್ರೀಸ್, ವರ್ಷಗಟ್ಟಲೆ ವಾದ ನಡೆಯಿತು. ಖಗೋಳ ವಿಜ್ಞಾನಿಗಳೂ ಹೆಚ್ಚಿನವರು ತಿರುಗಿ ನೋಡಲಿಲ್ಲ. ಅವರಿಗೆ ರೇಡಿಯೊ ಗೊತ್ತಿರಲಿಲ್ಲ, ಎಂಜಿನಿಯರುಗಳಿಗೆ ನಕ್ಷತ್ರ ಬೇಕಿರಲಿಲ್ಲ.

ಒಬ್ಬರು ಮಾತ್ರ ಆ ಲೇಖನಗಳನ್ನು ಗಂಭೀರವಾಗಿ ತೆಗೆದುಕೊಂಡರು. ಇಲಿನಾಯ್ ರಾಜ್ಯದ ವೀಟನ್ ಊರಿನ ಗ್ರೋಟ್ ರೆಬರ್, ಅವರೂ ರೇಡಿಯೊ ಎಂಜಿನಿಯರ್. 1937ರಲ್ಲಿ ಸ್ವಂತ ದುಡ್ಡು ಹಾಕಿ ಮನೆಯ ಹಿತ್ತಲಿನಲ್ಲಿ ಸುಮಾರು ಒಂಬತ್ತೂವರೆ ಮೀಟರ್ ಅಗಲದ ಡಿಶ್ ಕಟ್ಟಿದರು. ಜಾನ್ಸ್ಕಿ ಹೇಳಿದ್ದು ನಿಜ ಅಂತ ತೋರಿಸಿ ಆಕಾಶದ ರೇಡಿಯೊ ನಕ್ಷೆ ಬರೆದರು.

ಜಾನ್ಸ್ಕಿ 1936ರಲ್ಲಿ ಹಳೆಯ ವಿಶ್ವವಿದ್ಯಾಲಯದಿಂದ ಮಾಸ್ಟರ್ಸ್ ಪದವಿ ಪಡೆದರು. ಯುದ್ಧದ ಕಾಲದಲ್ಲಿ ಶತ್ರು ಜಲಾಂತರ್ಗಾಮಿಗಳ ದಿಕ್ಕು ಪತ್ತೆ ಮಾಡುವ ಉಪಕರಣಗಳ ಮೇಲೆ ಕೆಲಸ ಮಾಡಿ ಪ್ರಶಂಸೆ ಗಳಿಸಿದರು. ಕಿಡ್ನಿಯ ಕಾಯಿಲೆ ಮಾತ್ರ ಬಿಡಲಿಲ್ಲ. ರಕ್ತದೊತ್ತಡ ಏರಿತು. 1950ರ ಫೆಬ್ರವರಿ 14ರಂದು ನ್ಯೂಜೆರ್ಸಿಯ ರೆಡ್ ಬ್ಯಾಂಕ್‌ನಲ್ಲಿ ತೀರಿಕೊಂಡರು. ವಯಸ್ಸು 44.

ಗೌರವ ಆಮೇಲೆ ಬಂತು. ಅದೇ ಹೋಮ್‌ಡೆಲ್‌ನಲ್ಲಿ 1964ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಇನ್ನೊಂದು ಬೇಡದ ಸದ್ದಿನ ಹಿಂದೆ ಬಿದ್ದು, ಆಂಟೆನಾದಲ್ಲಿ ಪಾರಿವಾಳದ ಹಿಕ್ಕೆ ಕೂಡ ತೊಳೆದು ನೋಡಿ, ಕೊನೆಗೆ ಬಿಗ್ ಬ್ಯಾಂಗ್‌ನಿಂದ ಉಳಿದ ವಿಕಿರಣ ಕಂಡುಹಿಡಿದರು. ಅವರಿಗೆ 1978ರಲ್ಲಿ ನೊಬೆಲ್ ಬಂತು. ಜಾನ್ಸ್ಕಿ ಬದುಕಿದ್ದಿದ್ದರೆ ಆಗ 73 ವರ್ಷ ಆಗುತ್ತಿತ್ತು. 1973ರಲ್ಲಿ ಖಗೋಳ ಸಿಗ್ನಲ್ ಅಳೆಯುವ ಮಾನಕ್ಕೆ ಅಂತರರಾಷ್ಟ್ರೀಯವಾಗಿ ಜಾನ್ಸ್ಕಿ ಅಂತ ಹೆಸರಿಟ್ಟರು. ಒಂದು ಜಾನ್ಸ್ಕಿ ಅಂದರೆ ಒಂದು ಚದರ ಮೀಟರ್‌ಗೆ, ಒಂದು ಹರ್ಟ್ಸ್‌ಗೆ, 10ರ ಘಾತ ಮೈನಸ್ 26 ವ್ಯಾಟ್. ಅಷ್ಟು ಸಣ್ಣದು. 2012ರಲ್ಲಿ ನ್ಯೂಮೆಕ್ಸಿಕೊದ ದೊಡ್ಡ ದೂರದರ್ಶಕ ಸಮೂಹಕ್ಕೂ ಅವರ ಹೆಸರು ಬಂತು.

ನಮ್ಮ ರಾಜ್ಯದಲ್ಲೂ ಆ ಮರದ ಚೌಕಟ್ಟಿನ ನೆಂಟ ಒಂದಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಹತ್ತಿರ ಸುಮಾರು 1.4 ಕಿಲೋಮೀಟರ್ ಉದ್ದದ ಒಂದು ಸಾಲು, ಅದರಿಂದ ದಕ್ಷಿಣಕ್ಕೆ ಇನ್ನೊಂದು ಸಾಲು, ಎರಡೂ ಸೇರಿ ಸಾವಿರ ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿ 1976ರಲ್ಲಿ ರೇಡಿಯೊ ದೂರದರ್ಶಕ ಶುರುಮಾಡಿದರು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ಅದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್. ಜಾನ್ಸ್ಕಿಯ 20.5ಕ್ಕೆ ಪಕ್ಕದ ಮನೆಯಷ್ಟೇ ದೂರ.

ಕೊನೆಗೊಂದು ಮಾತು ನಮ್ಮೂರ ಕಡೆಯದು. ಹಡಗಲಿ ತಾಲೂಕಿನ ಮೈಲಾರದಲ್ಲಿ ಕಾರ್ಣಿಕದ ದಿನ ಗೊರವಯ್ಯ ಬಿಲ್ಲು ಏರಿ ಸದ್ದಲೇ ಅಂತ ಕೂಗುತ್ತಾನೆ. ಲಕ್ಷಾಂತರ ಜನ ಒಂದೇ ಸಲ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಆಮೇಲೆ ಒಂದೇ ಒಂದು ವಾಕ್ಯ. ಆ ಮೌನ ಇಲ್ಲದಿದ್ದರೆ ಆ ವಾಕ್ಯ ಯಾರಿಗೂ ಕೇಳಿಸುವುದಿಲ್ಲ. ಸಣ್ಣ ಸಿಗ್ನಲ್ ಹಿಡಿಯುವ ಕೆಲಸವೂ ಹಾಗೇ. ಮೊದಲು ನಮ್ಮ ಬೆಸುಗೆ, ನಮ್ಮ ಪೈಪು, ನಮ್ಮ ಅವಸರ ಇವೆಲ್ಲ ಸುಮ್ಮನಾಗಬೇಕು. ಎಲ್ಲಾ ಸುಮ್ಮನಾದ ಮೇಲೂ ಒಂದು ಸದ್ದು ಉಳಿದರೆ, ಅದನ್ನು ನಾಯ್ಸ್ ಅಂತ ಬರೆದು ರೆಕಾರ್ಡ್ ಮುಚ್ಚಬೇಡಿ. ನಾಳೆ ಅದು ಎಷ್ಟು ಗಂಟೆಗೆ ಬರುತ್ತದೆ ಅಂತ ಗಡಿಯಾರ ನೋಡಿ.